ನಲವತ್ತೊಂದನೇ ಫ್ಲಾಸ್ಕು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೆಲ್ಲಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ರೋಗಿಗಳ ಮೈಯಿಂದ ಕತ್ತರಿಸಿ ತೆಗೆದ ಗಡ್ಡೆಯ ಚೂರಿನಿಂದ ಜೀವಕೋಶಗಳನ್ನು ಬಿಡಿಸಿ, ಅಂಗೈಯಗಲದ ಪ್ಲಾಸ್ಟಿಕ್ ಫ್ಲಾಸ್ಕುಗಳಲ್ಲಿ ಹಾಕಿ, ಹೊತ್ತುಹೊತ್ತಿಗೆ ಉಣಿಸಿ ಬದುಕಿಸಿಡುವುದು ಅವಳ ಕೆಲಸ. ಇಪ್ಪತ್ತಮೂರು ವರ್ಷದಿಂದ ಅದೊಂದೇ ಕೆಲಸ. ದೊಡ್ಡ ದೊಡ್ಡ ಪದವಿಯವರು ಅಲ್ಲಿಗೆ ಬರುತ್ತಿದ್ದರು, ಪ್ರಬಂಧದ ಮೇಲೆ ಹೆಸರು ಹಾಕಿಸಿಕೊಂಡು ಹೋಗುತ್ತಿದ್ದರು. ಕೋಶಗಳು ಮುನಿಸಿಕೊಂಡು ಸಾಯತೊಡಗಿದಾಗ ಮಾತ್ರ ಅವರಿಗೆಲ್ಲ ಸೆಲ್ಲಮ್ಮನ ನೆನಪಾಗುತ್ತಿತ್ತು.

ಅವಳ ಕೈಗುಣ ದೊಡ್ಡದು. ಬೇರೆಯವರ ಕೈಯಲ್ಲಿ ನಾಲ್ಕು ದಿನ ಬಾಳದ ಕೋಶಗಳು ಅವಳ ಕೈಯಲ್ಲಿ ನಾಲ್ಕು ತಿಂಗಳು ಬಾಳುತ್ತಿದ್ದವು. ಇದಕ್ಕೆ ತೆತ್ತದ್ದೂ ಕಡಿಮೆಯಲ್ಲ. ಕೋಶಗಳಿಗೆ ಭಾನುವಾರವೆಂಬುದಿಲ್ಲ, ಎರಡು ದಿನಕ್ಕೊಮ್ಮೆ ಹಳೆಯ ದ್ರವ ಹೀರಿ ಹೊಸದನ್ನು ಹಾಕಲೇಬೇಕು. ಮಗಳ ಮದುವೆಯ ದಿನವೂ ಬೆಳಿಗ್ಗೆ ಆರಕ್ಕೆ ಬಂದು ಫ್ಲಾಸ್ಕುಗಳಿಗೆ ಉಣಿಸಿಯೇ ಸೀರೆ ಉಡಲು ಹೋದವಳು. "ನನಗೆ ಮಲಮಕ್ಕಳು ಕೋಟಿಗಟ್ಟಲೆ ಕಣ್ರೀ, ಹೊಟ್ಟೆ ಮಾತ್ರ ನಂದೇ ಖಾಲಿ" ಎಂದು ಗಂಡ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವಳು ಕೂರುವ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ಎರಡು, ಹೊರಗಿನದು ಮುಚ್ಚಿದ ಮೇಲೆಯೇ ಒಳಗಿನದು ತೆರೆಯುತ್ತದೆ. ಒಂದು ಗೋಡೆಗೆ ಕಾವುಪೆಟ್ಟಿಗೆ, ಮನುಷ್ಯರ ಮೈಬಿಸಿಯಷ್ಟೇ ಬಿಸಿ. ಎದುರಿಗೆ ಗಾಜಿನ ಮುಂಭಾಗದ ಹುಡ್, ಅದರೊಳಕ್ಕೆ ಮೊಣಕೈಯವರೆಗೆ ಕೈ ತೂರಿಸಿ ಕೆಲಸ ಮಾಡಬೇಕು. ಫ್ಯಾನಿನ ಗುಂಯ್ ಶಬ್ದ ದಿನವಿಡೀ ನಿಲ್ಲುವುದಿಲ್ಲ. ಅಲ್ಲಿ ಹತ್ತು ನಿಮಿಷ ಕೂತ ಹೊಸಬರಿಗೆ ಉಸಿರು ಕಟ್ಟುತ್ತಿತ್ತು. ಸೆಲ್ಲಮ್ಮನಿಗೆ ಮಾತ್ರ ಅಲ್ಲಿ ಎಂದೂ ಹಾಗಾಗಿರಲಿಲ್ಲ, ಈ ವರ್ಷದವರೆಗೆ.

ಗಂಡ ಮೀಟರ್ ಓದುವವನು. ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿ, ನಾಯಿಗಳಿಂದಲೂ ಅಜ್ಜಿಯರಿಂದಲೂ ಬೈಸಿಕೊಂಡು, ಇಡೀ ಬಡಾವಣೆಗೆ ಮೀಟರಣ್ಣನಾಗಿದ್ದ. ಎರಡೂವರೆ ವರ್ಷದ ಹಿಂದೆ ಅವನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗಲೇ ಮೂಳೆಗೂ ಹಬ್ಬಿತ್ತು. ಗಂಡಸಿನ ಹಾರ್ಮೋನನ್ನು ಅಡಗಿಸುವ ಇಂಜೆಕ್ಷನ್ ಕೊಟ್ಟರು. ರಕ್ತದಲ್ಲಿ ಪಿಎಸ್‌ಎ ಎಂಬುದೊಂದನ್ನು ಅಳೆಯುತ್ತಾರೆ, ಅದು ಇಳಿದರೆ ರೋಗ ಇಳಿದ ಲೆಕ್ಕ. ಅವನು ಅದನ್ನೂ ಮೀಟರಿನಂತೆಯೇ ಓದುತ್ತಿದ್ದ. "ಈ ತಿಂಗಳು ರೀಡಿಂಗ್ ನಾಲ್ಕು ಕಣೇ, ಮನೇಲಿ ಯಾರೂ ದೀಪಾನೇ ಹಚ್ಚಿಲ್ಲ ಅನ್ನೋ ಹಾಗಿದೆ!" ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ರೀಡಿಂಗ್ ಏರತೊಡಗಿತು. ಒಂಬತ್ತು, ಇಪ್ಪತ್ತು, ನಲವತ್ತಾರು.

ಯಾಕೆ ಏರುತ್ತದೆ ಎಂದು ಸೆಲ್ಲಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಪ್ರಯೋಗಾಲಯ ಇದ್ದದ್ದೇ ಆ ಪ್ರಶ್ನೆಗೆ. ಗಡ್ಡೆಯಲ್ಲಿರುವ ಕೋಶಗಳೆಲ್ಲ ಒಂದೇ ಜಾತಿಯವಲ್ಲ. ಹೆಚ್ಚಿನವು ಔಷಧಿಗೆ ಬಗ್ಗಿ ಸಾಯುತ್ತವೆ. ಸಾವಿರಕ್ಕೊಂದು ಮಾತ್ರ ಕಾಂಡಕೋಶ. ಅದಕ್ಕೆ ಹಾರ್ಮೋನಿನ ಹಂಗಿಲ್ಲ, ಅವಸರವೂ ಇಲ್ಲ. ಔಷಧಿ ಬಂದಾಗ ಮುದುಡಿ ಮಲಗಿರುತ್ತದೆ, ಹೋದ ಮೇಲೆ ಎದ್ದು ಮತ್ತೆ ಸಂಸಾರ ಹೂಡುತ್ತದೆ. ಜೇಕಿನ ಹುಲ್ಲನ್ನು ಎಷ್ಟು ಕಿತ್ತರೇನು, ನೆಲದೊಳಗೆ ಗೆಡ್ಡೆ ಉಳಿದಿದ್ದರೆ ವಾರದೊಳಗೆ ಮತ್ತೆ ಹಸಿರು.

ಆ ಗೆಡ್ಡೆಯನ್ನೇ ಸುಡುವ ಮಾತ್ರೆಯೊಂದು ಸಿಕ್ಕಿದೆ ಎಂಬುದು ಪ್ರಯೋಗಾಲಯದ ಹೆಮ್ಮೆಯಾಗಿತ್ತು. ಬೇರೆ ಯಾವುದೋ ಕಾಯಿಲೆಗೆ ಇಪ್ಪತ್ತು ವರ್ಷದಿಂದ ಬಳಕೆಯಲ್ಲಿದ್ದ ಹಳೆಯ ಮಾತ್ರೆ ಅದು. ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ, ಅದನ್ನು ಕಾಂಡಕೋಶಗಳೇ ತುಂಬಿದ ಒಂದು ಫ್ಲಾಸ್ಕಿಗೆ ಹಾಕಿಸಿ ನೋಡಿದ್ದರು. ಕೋಶಗಳು ಸಾಲುಸಾಲಾಗಿ ಸತ್ತಿದ್ದವು. ಆ ಫ್ಲಾಸ್ಕಿನ ಹೆಸರು ನಲವತ್ತೊಂದು. ನಲವತ್ತೊಂದನೇ ರೋಗಿಯ ಗಡ್ಡೆಯಿಂದ ಬಂದದ್ದು, ಸಾಕಿದವಳು ಸೆಲ್ಲಮ್ಮ. ಮೊದಲ ವರ್ಷ ಅದು ಆರಕ್ಕೇರದೆ ಮೂರಕ್ಕಿಳಿಯದೆ ಅವಳನ್ನು ಗೋಳು ಹೊಯ್ದುಕೊಂಡಿತ್ತು. ಆಮೇಲೆ ಇದ್ದಕ್ಕಿದ್ದಂತೆ ಚಿಗುರಿ ಬೆಳೆಯತೊಡಗಿತು. "ನೋಡ್ರಪ್ಪಾ, ಇದು ಕೈಗುಣ ಅಂದ್ರೆ" ಎಂದು ಮೇಡಂ ಎಲ್ಲರೆದುರು ಅವಳ ಬೆನ್ನು ತಟ್ಟಿದ್ದರು. ಸೆಲ್ಲಮ್ಮ ಅಂದು ಮನೆಗೆ ನಡೆದುಕೊಂಡು ಹೋದದ್ದೋ ತೇಲಿಕೊಂಡು ಹೋದದ್ದೋ ಅವಳಿಗೇ ನೆನಪಿಲ್ಲ.

ಈಗ ಆ ಮಾತ್ರೆಯನ್ನು ಇಂಜೆಕ್ಷನ್ನಿಗೆ ಬಗ್ಗದ ಹನ್ನೆರಡು ರೋಗಿಗಳಿಗೆ ಕೊಟ್ಟು ನೋಡುವುದೆಂದು, ನೀತಿ ಸಮಿತಿಯ ಒಪ್ಪಿಗೆ ಪಡೆದು, ಪಕ್ಕದ ಆಸ್ಪತ್ರೆಯಲ್ಲಿ ಏರ್ಪಾಡಾಯಿತು. ಹನ್ನೆರಡರಲ್ಲಿ ಒಬ್ಬ ಮೀಟರಣ್ಣ. ಡಾಕ್ಟರು ಎರಡು ದಾರಿ ಹೇಳಿದ್ದರು. ಒಂದು, ಮೂರು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಔಷಧಿ, ಕೂದಲು ಉದುರುತ್ತದೆ, ಸುಸ್ತಾಗುತ್ತದೆ, ಆದರೆ ಒಂದಷ್ಟು ಕಾಲ ರೋಗವನ್ನು ತಡೆದು ನಿಲ್ಲಿಸುತ್ತದೆ. ಇನ್ನೊಂದು ಈ ಮಾತ್ರೆ. ಮಾತ್ರೆ ಹಿಡಿದರೆ ಮೂರು ತಿಂಗಳು ಡ್ರಿಪ್ ಇಲ್ಲ. ಅವನು ಎರಡನೆಯದಕ್ಕೆ ಸಹಿ ಹಾಕಿ ಬಂದ. ಮಾತ್ರೆ ಶುರುವಾಗಲು ಇನ್ನೂ ಏಳು ವಾರವಿತ್ತು.

ಅವತ್ತು ಮಧ್ಯಾಹ್ನ ಊಟದ ಮೇಜಿನ ಮೇಲೆ ಅವನು ರೋಗಿಗಳಿಗೆ ಕೊಡುವ ಮಾಹಿತಿ ಪುಸ್ತಿಕೆ ಬಿಡಿಸಿಟ್ಟ. "ಇಲ್ನೋಡೇ, ನಿನ್ನ ಮಕ್ಕಳ ಫೋಟೋ ಹಾಕಿದ್ದಾರೆ. ಡಾಕ್ಟ್ರಿಗೆ ಹೇಳ್ದೆ, ಇವನ್ನ ಸಾಕಿದ್ದು ನಮ್ಮನೆಯವಳೇ ಅಂತ. ನಾನು ಡ್ರಿಪ್ ಬೇಡ ಅಂದಿದ್ದೂ ಅದಕ್ಕೇ. ನಿನ್ನ ಕೈಯಿಂದ ಬಂದಿದ್ದಲ್ವಾ."

ಅವಳು ನಕ್ಕು ನೋಡಿದಳು. ಎರಡನೇ ಸಲ ನೋಡಿದಾಗ ನಗು ನಿಂತಿತು. ಮನೆ ಮಕ್ಕಳ ಮುಖ ದಿನಾ ನೋಡುವವರಿಗೆ ಅದು ಬದಲಾದದ್ದು ಕಾಣುವುದಿಲ್ಲ, ಫೋಟೋದಲ್ಲಿ ಕಾಣುತ್ತದೆ. ನಲವತ್ತೊಂದರ ಕೋಶಗಳು ಮೊದಲು ದುಂಡಗೆ, ಒಂದಕ್ಕೊಂದು ಅಂಟಿಕೊಂಡು, ಪುಟ್ಟ ಗುಂಪುಗಳಾಗಿ ಕೂತಿರುತ್ತಿದ್ದವು. ಈ ಚಿತ್ರದಲ್ಲಿದ್ದವು ಉದ್ದಕ್ಕೆ, ಮೂಲೆ ಚೂಪಾಗಿ, ಸಿಕ್ಕ ಜಾಗದಲ್ಲೆಲ್ಲ ಕಾಲು ಚಾಚಿಕೊಂಡಿದ್ದವು. ಅವಳಿಗೆ ಈ ಮುಖ ಗೊತ್ತಿತ್ತು. ಇದು ಗೂಳಿ.

ಗೂಳಿ ಎಂಬುದು ಪ್ರಯೋಗಾಲಯದವರು ಒಂದು ಹಳೆಯ ತಳಿಗೆ ಇಟ್ಟ ಅಡ್ಡಹೆಸರು. ಯಾವ ಕಾಲದ್ದೋ, ಯಾರ ಮೈಯದೋ ಕ್ಯಾನ್ಸರ್ ಕೋಶ, ಹೋಲಿಸಿ ನೋಡಲು ಇಟ್ಟುಕೊಂಡದ್ದು. ಹೇಗೆ ಹಾಕಿದರೂ ಬೆಳೆಯುತ್ತದೆ, ಯಾವ ಔಷಧಿ ಹಾಕಿದರೂ ಸಾಯುತ್ತದೆ. ಅದರ ಒಂದೇ ಒಂದು ಹನಿ ಬೇರೆ ಫ್ಲಾಸ್ಕಿಗೆ ಬಿದ್ದರೆ ಮೂರು ತಿಂಗಳೊಳಗೆ ಮನೆಯವರನ್ನೆಲ್ಲ ಹೊರಹಾಕಿ ಅದೇ ಯಜಮಾನ. ಅದಕ್ಕೇ ಒಂದು ಕಟ್ಟಳೆ: ಹುಡ್ಡಿನೊಳಗೆ ಒಂದು ಹೊತ್ತಿಗೆ ಒಂದೇ ತಳಿ, ಒಂದು ತಳಿಗೆ ಒಂದೇ ಬಾಟಲಿ ದ್ರವ. ಹೊಸಬರಿಗೆ ಮೊದಲ ದಿನವೇ ಇದನ್ನು ಬೈದು ಹೇಳಿಕೊಡುತ್ತಿದ್ದವಳು ಸೆಲ್ಲಮ್ಮನೇ.

ಮರುದಿನ ಅವಳು ತನ್ನ ಹಳೆಯ ದಿನಚರಿ ಪುಸ್ತಕ ತೆಗೆದಳು. ಯಾವ ದಿನ ಯಾವ ಫ್ಲಾಸ್ಕಿಗೆ ಎಷ್ಟನೇ ನಂಬರಿನ ಬಾಟಲಿಯಿಂದ ಉಣಿಸಿದ್ದೆಂದು ಅದರಲ್ಲಿ ಬರೆದಿಡುವ ರೂಢಿ. ಬೆರಳಿಟ್ಟು ಹಿಂದಕ್ಕೆ ಹಿಂದಕ್ಕೆ ಹೋದಳು. ಒಂದು ಪುಟದಲ್ಲಿ ಬೆರಳು ನಿಂತಿತು. ಬೆಳಿಗ್ಗೆ ಹತ್ತೂವರೆ, ಗೂಳಿ, ಬಾಟಲಿ ನೂರ ಹನ್ನೆರಡು. ಅದರ ಕೆಳಗೇ ನಲವತ್ತೊಂದು, ಬಾಟಲಿ ನೂರ ಹನ್ನೆರಡು. ಅವಳದೇ ಅಕ್ಷರ, ಸ್ವಲ್ಪ ಓರೆಯಾಗಿತ್ತು. ಆಮೇಲೆ ತಾರೀಖು ನೋಡಿದಳು. ಗಂಡನ ಬಯಾಪ್ಸಿ ವರದಿ ಬಂದ ದಿನ ಅದು. ಹತ್ತೂಕಾಲಿಗೆ ಅವನ ಫೋನು ಬಂದಿತ್ತು. ಹನ್ನೊಂದಕ್ಕೆ ಅವಳು ಆಸ್ಪತ್ರೆಯಲ್ಲಿದ್ದಳು. ನಡುವಿನ ಮುಕ್ಕಾಲು ಗಂಟೆ ಅವಳ ಕೈ ಏನು ಮಾಡಿತೋ ಅವಳಿಗೆ ತಿಳಿಯದು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇವಳು ಮಾಡಿದ್ದನ್ನು ಇನ್ನೊಬ್ಬ ಉಣ್ಣಬೇಕಾಗಿ ಬಂದಿತ್ತು, ಆ ಇನ್ನೊಬ್ಬ ಇವಳ ಗಂಡನೇ ಆಗಿದ್ದ.

ಆದರೂ ಮನುಷ್ಯರ ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ. ನಲವತ್ತೊಂದರ ಕೋಶಗಳು ಆ ರೋಗಿಯವೇ ಎಂಬ ಗುರುತಿನ ಪ್ರಮಾಣಪತ್ರ ಫೈಲಿನಲ್ಲಿ ಭದ್ರವಾಗಿಯೇ ಇತ್ತು, ಮೊದಲ ತಿಂಗಳು ಮಾಡಿಸಿದ್ದು. ಆಮೇಲೆ ಯಾರೂ ಮತ್ತೆ ಮಾಡಿಸಿರಲಿಲ್ಲ. ಎಲ್ಲ ಕಾಗದಪತ್ರಕ್ಕೂ ಅದರ ನಕಲನ್ನೇ ಹಚ್ಚುತ್ತಾ ಬಂದಿದ್ದರು. ಅವಳು ಶೀತಲ ಡಬ್ಬಿಯಲ್ಲಿ ಮೊದಲ ವರ್ಷ ಹೆಪ್ಪುಗಟ್ಟಿಸಿ ಇಟ್ಟಿದ್ದ ನಲವತ್ತೊಂದರ ಒಂದು ಪುಟ್ಟ ಕೊಳವೆ ತೆಗೆದು ಕರಗಿಸಿದಳು. ಯಾರಿಗೂ ಹೇಳಲಿಲ್ಲ. ಕಾವುಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ, ಹಿಂದಿನ ಮೂಲೆಯಲ್ಲಿಟ್ಟು ಸಾಕಿದಳು. ಸಾಯಲಿ ಎಂದು ಒಂದು ದಿನ ಅಂದುಕೊಂಡಳು, ಬದುಕಲಿ ಎಂದು ಮರುದಿನ. ಕೈಗೆ ಎರಡನೆಯದೇ ಅಭ್ಯಾಸ. ನಾಲ್ಕು ವಾರಕ್ಕೆ ದುಂಡನೆಯ ಗುಂಪುಗಳು ಮೂಡಿದವು. ಆಗ ಒಂದು ಕಡೆ ಈಗಿನ ನಲವತ್ತೊಂದು, ಇನ್ನೊಂದು ಕಡೆ ಹಳೆಯ ನಲವತ್ತೊಂದು ಇಟ್ಟು ಎರಡಕ್ಕೂ ಮಾತ್ರೆಯ ಔಷಧಿ ಹಾಕಿದಳು. ಎರಡನ್ನೂ ಗುರುತಿನ ಪರೀಕ್ಷೆಗೂ ಕಳಿಸಿದಳು.

ಈಗಿನದು ಐದು ದಿನಕ್ಕೆ ನಿರ್ನಾಮ. ಹಳೆಯದರಲ್ಲಿ ಸುತ್ತಲಿನ ಮೆತ್ತನೆಯ ಕೋಶಗಳು ಸತ್ತು ತೇಲಿದವು, ನಡುವಿನ ಕೆಲವು ಮುದುಡಿ ಕೂತವು. ಎಂಟನೇ ದಿನ ಹಾಗೇ ಕೂತಿದ್ದವು. ಹನ್ನೆರಡನೇ ದಿನ ಒಂದು ಎರಡಾಗಿತ್ತು. ಅಂದೇ, ಶುಕ್ರವಾರ, ಗುರುತಿನ ವರದಿಯೂ ಬಂತು. ಈಗಿನ ನಲವತ್ತೊಂದರಲ್ಲಿ ಆ ರೋಗಿಯದೆಂಬುದು ಏನೂ ಉಳಿದಿರಲಿಲ್ಲ, ಪೂರ್ತಿ ಗೂಳಿ. ಸೋಮವಾರ ಮಾತ್ರೆ ಶುರು.

ಮೇಡಂ ಎರಡು ಫ್ಲಾಸ್ಕುಗಳ ಚಿತ್ರಗಳನ್ನೂ ವರದಿಯನ್ನೂ ನಿಂತೇ ನೋಡಿದರು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಒಂಬತ್ತು ವರ್ಷ ಈ ಪ್ರಶ್ನೆಯ ಹಿಂದೆ ಸವೆದಿದ್ದರು.

"ಬಾಗಿಲು ಹಾಕು" ಎಂದರು. "ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ ಮೇಡಂ. ತಪ್ಪು ನಂದೇ. ಪುಸ್ತಕದಲ್ಲಿ ಬರೆದಿದೆ."

"ಇನ್ನೊಂದು ಸಲ ಮಾಡಿ ನೋಡ್ಬೇಕು. ಬೇರೆ ರೋಗಿಗಳ ಕೋಶದಲ್ಲೂ ನೋಡ್ಬೇಕು. ಎರಡು ತಿಂಗಳು ಕೊಡು, ನೀತಿ ಸಮಿತಿಗೆ ನಾನೇ ಬರೀತೀನಿ."

"ಸೋಮವಾರ ನುಂಗಿಸ್ತಾರೆ ಮೇಡಂ."

"ಆ ಮಾತ್ರೆಯಿಂದ ಯಾರೂ ಸಾಯಲ್ಲಮ್ಮ."

"ಡ್ರಿಪ್ ಮೂರು ತಿಂಗಳು ನಿಲ್ಲುತ್ತಲ್ಲ."

ಮೇಡಂ ತಗ್ಗಿದ ದನಿಯಲ್ಲಿ, "ನಿಮ್ಮ ಯಜಮಾನ್ರನ್ನ ಇವತ್ತೇ ಹೊರಗೆ ತೆಗೆದುಬಿಡು. ಯಾರು ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಬರೀಬೇಕಾಗಿಲ್ಲ. ಡ್ರಿಪ್ಪಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಉಳಿದದ್ದು ನನಗೆ ಬಿಡು" ಎಂದರು.

ಸೆಲ್ಲಮ್ಮನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆರು ವಾರದಿಂದ ಬಿಸಿತುಪ್ಪದಂತೆ ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲಿದ್ದದ್ದು ಜಾರಿ ಹೋದಂತೆನಿಸಿತು. ಮೇಡಂಗೆ ಕೈಮುಗಿದಳು.

ಶನಿವಾರ ಬೆಳಿಗ್ಗೆ ಗಂಡ ಸೋಮವಾರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಪಕ್ಕದಲ್ಲಿ ಒಂದು ಚೀಟಿ, ಅದರಲ್ಲಿ ಉಳಿದ ಹನ್ನೊಂದು ರೋಗಿಗಳ ಫೋನ್ ನಂಬರು. ಪರೀಕ್ಷೆಗೆಂದು ಆಸ್ಪತ್ರೆಯ ಹಾಲಿನಲ್ಲಿ ಕೂತ ನಾಲ್ಕೇ ದಿನದಲ್ಲಿ ಅವನು ಆ ಹನ್ನೊಂದು ಜನರ ಮನೆಕತೆಯೆಲ್ಲ ಓದಿ ಮುಗಿಸಿದ್ದ. ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಕೂರಿಸಿದಳು. ಫೋಟೋದಿಂದ ಹಿಡಿದು ಬಾಟಲಿಯವರೆಗೆ ಎಲ್ಲ ಹೇಳಿದಳು, ತಾರೀಖನ್ನೂ ಹೇಳಿದಳು.

ಅವನು ಅಂಗಿಯ ಕಾಲರನ್ನು ಬೆರಳಿನಿಂದ ನೀವಿ ಸರಿಮಾಡಿದ. "ಅಂದ್ರೆ ನಾನು ಫೋನ್ ಮಾಡದೇ ಇದ್ದಿದ್ರೆ..."

"ಅದನ್ನ ಬಾಯಲ್ಲಿ ಆಡಬೇಡಿ. ತಪ್ಪಿದ್ದು ನನ್ನ ಕೈ, ನಿಮ್ಮ ಫೋನಲ್ಲ. ಈಗ ಕೇಳಿ, ಮೇಡಂ ಒಪ್ಪಿದ್ದಾರೆ. ನೀವು ಹೊರಗೆ ಬನ್ನಿ. ಬುಧವಾರವೇ ಡ್ರಿಪ್ ಶುರು ಮಾಡಿಸ್ತಾರೆ."

"ಸರಿ" ಎಂದ. ಆಮೇಲೆ ಕೇಳಿದ: "ಇವರು?" ಚೀಟಿ ಅವಳ ಕಡೆ ತಳ್ಳಿದ್ದ.

"ಅವರನ್ನ ಮೇಡಂ ನೋಡ್ಕೋತಾರೆ. ಎರಡು ತಿಂಗಳಲ್ಲಿ."

"ಇದರಲ್ಲಿ ಲೆಕ್ಕದ ಮೇಷ್ಟ್ರೊಬ್ಬರಿದ್ದಾರೆ, ಅವರ ರೀಡಿಂಗ್ ನಾನೂರ ಹತ್ತು ಕಣೇ. ಅವರ ಹತ್ರ ಎರಡು ತಿಂಗಳಿದ್ಯಾ?"

ಅವಳು ಚೀಟಿ ಮಡಿಸಿ ಅವನ ಕಡೆಗೇ ತಳ್ಳಿದಳು. ಅವನು ಎದ್ದು ಸ್ವಿಚ್ಚು ಹಾಕಿದ. "ಅವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ನನ್ನ ಹೆಂಡ್ತಿ ಒಳಗಿದ್ದಾಳೆ ಅಂತ ನಾನೊಬ್ಬ ಹಿಂದಿನ ಬಾಗಿಲಿಂದ ಎದ್ದು ಬರ್ಲಾ? ಅವರು ನುಂಗಿದ್ರೆ ನಾನೂ ನುಂಗ್ತೀನಿ."

"ಹಠ ಮಾಡೋ ಹೊತ್ತೇನ್ರೀ ಇದು? ನಿಮ್ಮ ಜೀವ ಕಣ್ರೀ!"

"ಹಠಾನೇ ಅಂದ್ಕೋ."

ಅವಳು ಅತ್ತಳು, ಬೈದಳು, ಮಗಳಿಗೆ ಫೋನ್ ಮಾಡುತ್ತೇನೆಂದು ಹೆದರಿಸಿದಳು. ಅವನು ಅಂಗಿ ಮಡಿಸಿಟ್ಟು ಎರಡನೆಯ ತೋಳಿಗೆ ಇಸ್ತ್ರಿ ಹಾಕಿಲ್ಲವೆಂದು ನೆನಪಾಗಿ ಮತ್ತೆ ಬಿಡಿಸಿದ. ಮೂವತ್ತು ವರ್ಷ ಮುಚ್ಚಿದ ಗೇಟಿನ ಮುಂದೆ ನಿಂತು ಬೆಲ್ ಒತ್ತಿದವನನ್ನು ಮಾತಿನಿಂದ ಅಲ್ಲಾಡಿಸಲು ಆಗುತ್ತದೆಯೇ? ಅತ್ತ ದರಿ, ಇತ್ತ ಪುಲಿ. ಬಾಯಿಬಿಟ್ಟರೆ ಮೇಡಂ ಮುಳುಗುತ್ತಾರೆ, ತನ್ನ ಕೆಲಸ ಹೋಗುತ್ತದೆ, ಹನ್ನೊಂದು ಮನೆಯ ಆಸೆ ಆರುತ್ತದೆ. ಬಾಯಿ ಮುಚ್ಚಿದರೆ ತನ್ನ ಗಂಡ, ತಾನೇ ಹಾಳುಮಾಡಿದ ಫ್ಲಾಸ್ಕನ್ನು ನಂಬಿ, ಬರೀ ನೀರಿನಂಥ ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆಯುತ್ತಾನೆ. ಅವನ ಮೂಳೆಗೆ ಅಷ್ಟು ಬಿಡುವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ಕೋಶಗಳಿಗೆ ಉಣಿಸಲು ಹೋದವಳಿಗೆ ಮೊದಲ ಸಲ ಆ ಕೋಣೆಯಲ್ಲಿ ಉಸಿರು ಕಟ್ಟಿತು. ಹುಡ್ಡಿನಿಂದ ಕೈ ಹೊರಗೆಳೆದು, ಎರಡು ಬಾಗಿಲ ನಡುವಿನ ಇಕ್ಕಟ್ಟಿನಲ್ಲಿ ನಿಂತು ನೀತಿ ಸಮಿತಿಗೆ ಪತ್ರ ಬರೆದಳು. ದಿನಚರಿಯ ಆ ಪುಟದ ನಕಲು ಹಚ್ಚಿ ಸಮಿತಿಯ ಕಚೇರಿಯ ಬಾಗಿಲ ಕೆಳಗೆ ತಳ್ಳಿದಳು. ಸಮಿತಿ ಸೇರುವುದು ತಿಂಗಳ ಕೊನೆಯ ಗುರುವಾರ ಎಂದು ಅದೇ ಬಾಗಿಲ ಮೇಲೆ ಬರೆದಿತ್ತು.

ಸೋಮವಾರ ಒಂಬತ್ತಕ್ಕೆ ಆಸ್ಪತ್ರೆಯ ಹಾಲಿನಲ್ಲಿ ಹನ್ನೆರಡು ಜನ ಗಂಡಸರು ಎರಡು ಸಾಲಿನಲ್ಲಿ ಕೂತಿದ್ದರು. ಎಲ್ಲರೂ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದರು. ಮೊದಲ ಮಾತ್ರೆಯನ್ನು ನರ್ಸಿನ ಕಣ್ಣೆದುರೇ ನುಂಗಬೇಕೆಂಬ ನಿಯಮ. ತಟ್ಟೆಯಲ್ಲಿ ಹನ್ನೆರಡು ಪುಟ್ಟ ಬಟ್ಟಲು ಹಿಡಿದು ನರ್ಸು ಬಂದಳು, ಒಬ್ಬೊಬ್ಬರಿಗೂ ಒಂದೊಂದು ಕೊಟ್ಟಳು. ಗೋಡೆಯ ಬದಿಗೆ ಬಿಳಿ ಕೋಟಿನಲ್ಲಿ ನಿಂತ ಸೆಲ್ಲಮ್ಮನನ್ನು ಮೀಟರಣ್ಣ ನೋಡಲೇ ಇಲ್ಲ. ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಒಂದು ನಿಮಿಷ, ನುಂಗಬೇಡಿ" ಎಂದಳು ಅವಳು. ದನಿ ಸಣ್ಣಗೆ ಬಂತು. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. ತಾನು ಯಾರೆಂದು ಹೇಳಿದಳು, ಏನಾಯಿತೆಂದು ಹೇಳಿದಳು. ಸುತ್ತಿ ಬಳಸಲಿಲ್ಲ. "ನಿಮ್ಮ ರೋಗದ ಬೇರನ್ನ ಈ ಮಾತ್ರೆ ಸುಡಲ್ಲ. ಸುಡುತ್ತೆ ಅಂತ ತೋರಿಸಿದ್ದು ಬೇರೆ ಕೋಶ. ಅದು ಸೇರಿಕೊಂಡಿದ್ದು ನನ್ನ ಕೈಯಿಂದ. ಡ್ರಿಪ್ ತಗೊಳ್ಳೋಕೆ ಆಗೋರು ಇವತ್ತೇ ಹೋಗಿ ಕೇಳಿ."

"ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ?" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಕೂಗಿದ. "ನಾವೇನು ನಿಮ್ಮ ಫ್ಲಾಸ್ಕುಗಳಾ?" ನರ್ಸು ತಟ್ಟೆ ಅಲ್ಲೇ ಬಿಟ್ಟು ಯಾರಿಗೋ ಫೋನ್ ಮಾಡಲು ಓಡಿದಳು. ಮೀಟರಣ್ಣ ಎದ್ದು ತನ್ನ ಬಟ್ಟಲನ್ನು ತಟ್ಟೆಗೆ ಹಾಕಿದ. ಒಬ್ಬೊಬ್ಬರಾಗಿ ಉಳಿದವರೂ ಹಾಕಿದರು. ಕೆಲವರು ಅವಳ ಮುಖ ನೋಡಿ ಹಾಕಿದರು, ಕೆಲವರು ನೋಡದೆ.

ಮುಂದಿನ ಸಾಲಿನ ತುದಿಯಲ್ಲಿ ಲೆಕ್ಕದ ಮೇಷ್ಟ್ರು ಮಾತ್ರ ಕೂತೇ ಇದ್ದರು. ಅಂಗಿ ಅವರಿಗೆ ಎರಡು ಅಳತೆ ದೊಡ್ಡದಾಗಿತ್ತು.

"ಡ್ರಿಪ್ ನಂಗೆ ಹತ್ತು ಸಲ ಆಗಿದೆಯಮ್ಮ" ಎಂದರು. "ಇನ್ನೊಂದಕ್ಕೆ ಮೈ ತಡೆಯಲ್ಲ ಅಂದಿದ್ದಾರೆ. ಬೇರೆ ಏನಾದ್ರೂ ಇದ್ಯಾ?"

"ನಂಗೆ ಗೊತ್ತಿರೋ ಹಾಗೆ ಇಲ್ಲ ಮೇಷ್ಟ್ರೇ."

"ಇದನ್ನ ನುಂಗಿದ್ರೆ ತೊಂದ್ರೆ ಏನಾದ್ರೂ?"

"ತೊಂದ್ರೆ ಇಲ್ಲ. ಉಪಯೋಗಾನೂ ಇಲ್ಲ."

ಮೇಷ್ಟ್ರು ತಲೆಯಾಡಿಸಿದರು, ಲೆಕ್ಕ ಸರಿಯಾಗಿದೆ ಎನ್ನುವವರ ಹಾಗೆ. "ಬಾಗಿಲ ಹೊರಗೆ ನನ್ನ ಮಗಳು ನಿಂತಿದ್ದಾಳೆ. ಶುರುವಾಯ್ತಾ ಅಪ್ಪ ಅಂತ ಕೇಳ್ತಾಳೆ. ಅವಳಿಗೆ ಸುಳ್ಳು ಹೇಳಿ ನಂಗೆ ಅಭ್ಯಾಸ ಇಲ್ಲ." ಬಟ್ಟಲನ್ನು ಎತ್ತಿ ಮಾತ್ರೆಯನ್ನು ನಾಲಿಗೆಯ ಮೇಲೆ ಹಾಕಿಕೊಂಡು, ನೀರಿಗೆಂದು ಸುತ್ತ ನೋಡಿದರು.

ನರ್ಸು ಇನ್ನೂ ಬಂದಿರಲಿಲ್ಲ. ಸೆಲ್ಲಮ್ಮ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟಳು.